ಆಪ್‌ನಲ್ಲಿ ಆಫ್, ಬಾವಿಯಲ್ಲಿ ಆನ್: ಶಿರಸಿ ಕಡೆ ತೋಟದ ಮನೆಗೆ ಹೋಮ್ ಆಟೊಮೇಷನ್

ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಯಾವ ಮಾಡೆಲ್, ಎಷ್ಟು ಜಿಬಿ, ಮನೆಯ ಸಾಮಾನನ್ನೆಲ್ಲ ಒಂದೇ ಕಡೆಯಿಂದ ನಡೆಸೋ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್ ಹೆಂಗೆ ಇನ್‌ಸ್ಟಾಲ್ ಮಾಡೂದು, ಅದೆಲ್ಲ ಬರೀತಾ ಇಲ್ಲ, ಯೂಟ್ಯೂಬ್ ತುಂಬ ಅದೇ ಇದೆ. ಬೆಂಗಳೂರು ಫ್ಲಾಟಲ್ಲಿ ಬಲ್ಬಿನ ಬಣ್ಣ ಬದಲಾಯಿಸೋರಿಗೆ ಅಷ್ಟು ಸಾಕಾಗ್ತದೆ. ನಮ್ಮ ಕಡೆ ತೋಟದ ಮನೆಗಳಲ್ಲಿ ಇದರ ಹತ್ರ ಮಾಡಿಸೋ ಮೊದಲ ಕೆಲಸ ಬಾವಿ ಪಂಪು, ಅಲ್ಲಿ ತಪ್ಪಾದ್ರೆ ಮೋಟಾರು ಸುಡ್ತದೆ, ಇಲ್ಲಾ ಯಾರಿಗಾದ್ರೂ ಶಾಕ್ ಹೊಡೀತದೆ. ಅದಕ್ಕೇ ಇಷ್ಟು ವರ್ಷ ಬಳಸಿದ ಮೇಲೆ ಬರೀಬೇಕು ಅನಿಸ್ತು.

ಶುರು ಆಗಿದ್ದು ಒಂದು ವೈಫೈ ಸ್ವಿಚ್ಚಿಂದ. ಕಂಪನಿ ಹೆಸರು ಬೇಡ. ಡಬ್ಬಿ ಮೇಲೆ 16 ಆಂಪ್ ಅಂತ ದಪ್ಪ ಅಕ್ಷರ, ಮಾರೋ ಪೇಜಲ್ಲಿ ಗೀಸರ್, ಎಸಿ, ನೀರಿನ ಪಂಪು ಮೂರರದ್ದೂ ಚಿತ್ರ. ನಮ್ಮದು 1 ಎಚ್‌ಪಿ ಸಿಂಗಲ್ ಫೇಸ್ ಮೋಟಾರು, ಓಡುವಾಗ 6 ಆಂಪ್ ಆಸುಪಾಸು ಎಳೀತದೆ, ಲೆಕ್ಕಕ್ಕೆ ಧಾರಾಳ ಸಾಕು. ಒಂದು ಬೇಸಿಗೆ ಚಂದ ನಡೀತು. ಮುಂದಿನ ಏಪ್ರಿಲ್‌ನಲ್ಲಿ ನಾನು ಕೆಲಸದ ಮೇಲೆ ಕಾರವಾರದಲ್ಲಿದ್ದೆ, ರಾತ್ರಿ ಆಯಿ (ಅಮ್ಮ) ಫೋನು: "ತಮಾ, ಪಂಪು ಇನ್ನೂ ನಿಂತಿದ್ದಿಲ್ಲೆ, ನೀರು ಚೆಲ್ತಾ ಇದ್ದು." ಆಪ್ ತೆಗೆದು ನೋಡಿದ್ರೆ ಆಫ್. ಆನ್ ಮಾಡಿ ಮತ್ತೆ ಆಫ್ ಮಾಡಿದೆ, ಆಪ್ ಪ್ರಕಾರ ಎಲ್ಲ ಸರಿ, ಆಯಿ ಪ್ರಕಾರ ನೀರು ಅಂಗಳ ದಾಟಿ ತೋಟಕ್ಕೆ ಇಳೀತಾ ಇದೆ. ಬಾವಿಮನೆ ಕೆಳಗೆ ತೋಟದಲ್ಲಿ, ರಾತ್ರಿ ಅಲ್ಲಿಗೆ ಇಳೀಬೇಡ ಅಂತ ಆಯಿಗೆ ಹೇಳಿ ಪಕ್ಕದ ಮನೆಯವರಿಗೆ ಫೋನ್ ಮಾಡಿ ಅವರು ಬ್ಯಾಟರಿ ಹಿಡ್ಕೊಂಡು ಹೋಗಿ ಫ್ಯೂಸ್ ಕಿತ್ತು ಹಾಕುವಷ್ಟರಲ್ಲಿ ಬಾವಿ ತಳ ಕಂಡಿತ್ತು, ಮೋಟಾರು ಒಣಗೇ ಓಡಿ ಸೀಲ್ ಹೋಗಿ ವೈಂಡಿಂಗೂ ಸುಟ್ಟಿತ್ತು. ಏಪ್ರಿಲ್ ತಿಂಗಳಲ್ಲಿ ಬಾವಿ ಬರಿದು ಮಾಡಿ ಕೂರೂದು ಅಂದ್ರೆ ಎಂತ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳೂದು ಬೇಡ.

ಸ್ವಿಚ್ ಬಿಚ್ಚಿ ನೋಡಿದ್ರೆ ಒಳಗೆ ಕರೆಂಟು ಕೂಡಿಸಿ ಬಿಡಿಸೋ ರಿಲೇಯ ಎರಡು ಕಾಂಟ್ಯಾಕ್ಟೂ ಬೆಸುಗೆ ಹಾಕಿದ ಹಾಗೆ ಅಂಟಿಕೊಂಡಿವೆ. ಕಾರಣ ಹೊಸದೇನಲ್ಲ, ಮೋಟಾರಿನ ಬಗ್ಗೆ ಗೊತ್ತಿರೋ ಯಾವ ಎಲೆಕ್ಟ್ರಿಷಿಯನ್ನನ್ನ ಕೇಳಿದ್ರೂ ಹೇಳ್ತಾರೆ. ಇಂಥ ರಿಲೇ ಮೇಲೆ ಬರೆದಿರೋ 16 ಆಂಪ್ ಹೀಟರ್ ತರದ ಲೋಡಿಗೆ. ಮೋಟಾರು ಸ್ಟಾರ್ಟ್ ಆಗೋ ಕ್ಷಣಕ್ಕೆ ಓಡೋ ಕರೆಂಟಿನ ಐದಾರು ಪಟ್ಟು ಎಳೀತದೆ, ಅಂದ್ರೆ ನಮ್ಮದಕ್ಕೆ 30 ಆಂಪಿಗೂ ಮೇಲೆ, ಬೇಸಿಗೆಯಲ್ಲಿ ವೋಲ್ಟೇಜ್ 180ಕ್ಕೆ ಇಳಿದಾಗ ಮೋಟಾರು ವೇಗ ಹಿಡಿಯೋದೇ ತಡ, ಆ ದೊಡ್ಡ ಕರೆಂಟು ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಹರೀತದೆ. ಪ್ರತಿ ಸಲ ಕಾಂಟ್ಯಾಕ್ಟ್ ಕೂಡುವಾಗ, ಬಿಡುವಾಗ ಕಿಡಿ, ಒಂದು ದಿನ ಕಚ್ಚಿಕೊಂಡ್ರೆ ಬಿಡೂದೇ ಇಲ್ಲ. ಅದು ಅಂಟಿರೋದು ಸ್ವಿಚ್ಚಿಗೆ ಗೊತ್ತೇ ಆಗೂದಿಲ್ಲ, ಯಾಕಂದ್ರೆ ಅದು ಆಪ್‌ಗೆ ಹೇಳೂದು ತಾನು ಕೊಟ್ಟ ಆಜ್ಞೆಯನ್ನ, ಮೋಟಾರಿಗೆ ಏನಾಯ್ತು ಅನ್ನೋದನ್ನಲ್ಲ. ಕಸ್ಟಮರ್ ಕೇರ್‌ಗೆ ಫೋಟೋ ಸಮೇತ ಬರೆದೆ. ಆಪ್ ಅಪ್‌ಡೇಟ್ ಮಾಡಿ ನೋಡಿ ಅಂತ ಉತ್ತರ ಬಂತು. ಅಂಟಿದ ಕಾಂಟ್ಯಾಕ್ಟ್ ಆಪ್ ಅಪ್‌ಡೇಟ್‌ಗೆ ಬಿಡ್ತದಾ? ಇವತ್ತಿಗೂ ಆ ಪೇಜಲ್ಲಿ ಪಂಪಿನ ಚಿತ್ರ ಹಾಗೇ ಇದೆ, ಅದು ನೋಡಿದಾಗೆಲ್ಲ ಸಿಟ್ಟು ಬರ್ತದೆ.

ಆ ಸ್ವಿಚ್ಚಿನ ಇನ್ನೊಂದು ಕಿರಿಕಿರಿ ಅಂದ್ರೆ ಇಂಟರ್ನೆಟ್ಟು. ನಾನು ಜಗಲಿಯಲ್ಲಿ ಕೂತು ಬಟನ್ ಒತ್ತಿದ್ರೆ ಆ ಆಜ್ಞೆ ಎಲ್ಲೋ ದೂರದ ಸರ್ವರಿಗೆ ಹೋಗಿ ತಿರುಗಿ ನಮ್ಮ ತೋಟಕ್ಕೆ ಬರಬೇಕು. ಜುಲೈನಲ್ಲಿ ಮರ ಬಿದ್ದು ಕರೆಂಟು ಹೋಯ್ತು ಅಂದ್ರೆ ಕೆಲವು ತಾಸಿಗೆ ಮೊಬೈಲ್ ಟವರಿನ ಬ್ಯಾಟರಿಯೂ ಮುಗೀತದೆ, ಮನೆಗೆ ಕರೆಂಟು ವಾಪಸ್ ಬಂದ್ರೂ ನೆಟ್ ಬರಲಿಕ್ಕೆ ಮತ್ತೆ ಎಷ್ಟು ಹೊತ್ತೋ. ಕಂಪನಿ ಆ ಸರ್ವರನ್ನೇ ಬಂದ್ ಮಾಡಿದ್ರೆ ಇನ್ನೂ ಕಷ್ಟ, ಅಮೆರಿಕದಲ್ಲಿ 2016ರ ಮೇನಲ್ಲಿ ರಿವಾಲ್ವ್ ಅನ್ನೋ ಹೋಮ್ ಆಟೊಮೇಷನ್ ಹಬ್ ಕೊಂಡವರಿಗೆ ಹಾಗೇ ಆಯ್ತು, 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಅನ್ನೋ ಇನ್ನೊಂದು ಕಂಪನಿಯ ಸರ್ವರ್ ಹೇಳದೇ ಕೇಳದೇ ನಿಂತು ಹೋಯ್ತು. ದುಡ್ಡು ಕೊಟ್ಟು ಕೊಂಡ ಸಾಮಾನು, ಮನೆ ಗೋಡೆ ಮೇಲಿದೆ, ಆದರೆ ಅದರ ಜೀವ ಇನ್ನೊಬ್ಬರ ಕೈಲಿ. ನನಗೆ ಇದು ಒಪ್ಪಿಗೆ ಇಲ್ಲ.

ಹಾಗಾಗಿ ಎಲ್ಲ ಮನೆ ಒಳಗೇ ನಡೀಬೇಕು ಅಂತ ಹೋಮ್ ಅಸಿಸ್ಟೆಂಟ್. ಮೊದಲು ರಾಸ್ಪ್‌ಬೆರಿ ಪೈ ಮೇಲೆ, ಎಸ್‌ಡಿ ಕಾರ್ಡಲ್ಲಿ. ನಮ್ಮ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಹೋಗಿ ಬಂದು ಮಾಡೋ ಆಟಕ್ಕೆ ಎಸ್‌ಡಿ ಕಾರ್ಡ್ ಬಾಳೂದಿಲ್ಲ, ಬರೀತಾ ಇರುವಾಗ ಕರೆಂಟು ಹೋದ್ರೆ ಫೈಲೇ ಕೆಡ್ತದೆ. ಈಗ ಎಸ್‌ಎಸ್‌ಡಿ ಹಾಕಿದ ಹಳೇ ಲ್ಯಾಪ್‌ಟಾಪಲ್ಲಿ ಓಡ್ತಾ ಇದೆ, ಬ್ಯಾಟರಿ ಅದರೊಳಗೇ ಇರೋದ್ರಿಂದ ಬೇರೆ ಯುಪಿಎಸ್ ಬೇಡ. ಸದಾ ಚಾರ್ಜಿಗೆ ಹಾಕಿಟ್ರೆ ಬ್ಯಾಟರಿ ಉಬ್ಬೋ ಅಪಾಯ ಇದೆ, ಚಾರ್ಜ್ 60 ಪರ್ಸೆಂಟಿಗೆ ನಿಲ್ಲೋ ಹಾಗೆ ಸೆಟ್ಟಿಂಗ್ ಮಾಡಿ. ಅಪ್‌ಡೇಟ್ ತಿಂಗಳಿಗೊಂದು ಬರ್ತದೆ, ನಾನು ಅಡಿಕೆ ಕೊಯ್ಲು ಮುಗಿಯೋವರೆಗೆ ಮುಟ್ಟೂದಿಲ್ಲ, ಆಮೇಲೆ ಬ್ಯಾಕಪ್ ತಗೊಂಡು ಒಂದೇ ಸಲ ಮಾಡ್ತೇನೆ. ಹೀಗೆ ತಡ ಮಾಡಬೇಕು ಅಂದ್ರೆ ಅದು ಹೊರಗಿನಿಂದ ಯಾರಿಗೂ ಸಿಗಬಾರದು. ರೂಟರಲ್ಲಿ ಪೋರ್ಟ್ ತೆರೆದು ಬಿಟ್ಟವರು ಒಂದು ವಿಷಯ ನೆನಪಿಡಿ, 2023ರ ಮಾರ್ಚಲ್ಲಿ ಹೋಮ್ ಅಸಿಸ್ಟೆಂಟಿನ ಸೂಪರ್‌ವೈಸರ್ ಭಾಗದಲ್ಲಿ ಲಾಗಿನ್ ಇಲ್ಲದೇ ಒಳಗೆ ಬರೋ ದೋಷ ಹೊರಬಿತ್ತು, ಅದು 2017ರಿಂದ ಅಲ್ಲೇ ಇತ್ತು. ತಕ್ಷಣ ಸರಿ ಮಾಡಿದ್ರು, ಆದರೆ ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಾರವಾರದಿಂದ ಮನೆ ನೋಡಬೇಕಾದ್ರೆ ನಾನು ವೈರ್‌ಗಾರ್ಡ್ ಅನ್ನೋ ವಿಪಿಎನ್, ಅಂದ್ರೆ ಬೀಗ ಹಾಕಿದ ಖಾಸಗಿ ದಾರಿ ಮೂಲಕವೇ ಬರ್ತೇನೆ.

ಪಂಪಿಗೆ ಈಗ ಮಾಡಿರೋ ವ್ಯವಸ್ಥೆ ಸ್ವಲ್ಪ ಬಿಡಿಸಿ ಹೇಳ್ತೇನೆ. ಮೋಟಾರಿನ ಕರೆಂಟು ಕಾಂಟ್ಯಾಕ್ಟರ್ ಅನ್ನೋ ದೊಡ್ಡ ಗಟ್ಟಿ ರಿಲೇ ಮೂಲಕ ಹೋಗ್ತದೆ, ಮೋಟಾರಿಗೇ ಅಂತ ಎಸಿ-3 ರೇಟಿಂಗ್ ಇರೋದು. ಪಂಪು ನಡೆಸೋ ಕಂಟ್ರೋಲ್ ಬೋರ್ಡಿನ ಚಿಕ್ಕ ರಿಲೇಗೆ ಉಳಿದ ಕೆಲಸ ಕಾಂಟ್ಯಾಕ್ಟರಿನ ಕಾಯಿಲಿಗೆ ಕರೆಂಟು ಕೊಡೋದು ಅಷ್ಟೇ. ಕಾಯಿಲ್ 24 ವೋಲ್ಟಿನದ್ದು ಹುಡುಕಿ ತಂದಿದ್ದು, ಹುಬ್ಬಳ್ಳಿಯಿಂದ ತರಿಸಬೇಕಾಯ್ತು, ಯಾಕಂದ್ರೆ ಅದೇ ಸರ್ಕಿಟ್ಟಲ್ಲಿ ಟಾಂಕಿಯ ಫ್ಲೋಟ್ ಸ್ವಿಚ್ ಇದೆ, ಕುಡಿಯೋ ನೀರಿನ ಟಾಂಕಿಯೊಳಗೆ 230 ವೋಲ್ಟ್ ಇಳಿಬಿಡೂದು ನನಗೆ ಸಮಾಧಾನ ಇರಲಿಲ್ಲ. ಟಾಂಕಿ ತುಂಬಿದ್ರೆ ಫ್ಲೋಟ್ ಮೇಲೆ ಬಂದು ಕಾಯಿಲ್ ಕಟ್ ಮಾಡ್ತದೆ. ಅದಕ್ಕೆ ವೈಫೈ ಬೇಡ, ಲ್ಯಾಪ್‌ಟಾಪ್ ಬೇಡ, ನಾನೂ ಬೇಡ. ಲೈನಿಗೆ ಕರೆಂಟು ಸೋರಿದ್ರೆ ತಕ್ಷಣ ಕಟ್ ಮಾಡೋ 30 ಮಿಲಿಆಂಪಿನ ಆರ್‌ಸಿಸಿಬಿ. ಬಾವಿಮನೆಯ ಅರ್ಥಿಂಗ್ ಹೊಸದಾಗಿ ಮಾಡಿಸಿದ್ದು, ಹಳೇದು ಹೆಸರಿಗೆ ಮಾತ್ರ ಇತ್ತು. ಆಟೊಮೇಷನ್‌ಗೆ ಖರ್ಚು ಮಾಡೋ ಮೊದಲು ಈ ಎರಡಕ್ಕೆ ಮಾಡಿ, ದಯವಿಟ್ಟು.

ಬೋರ್ಡು ಇಎಸ್‌ಪಿ32 ಅನ್ನೋ ವೈಫೈ ಇರೋ ಪುಟ್ಟ ಕಂಟ್ರೋಲರ್, ಒಳಗೆ ಹೋಮ್ ಅಸಿಸ್ಟೆಂಟ್ ಜೊತೆ ಮಾತಾಡೋ ಇಎಸ್‌ಪಿ ಹೋಮ್ ಸಾಫ್ಟ್‌ವೇರ್. ಇದರಲ್ಲಿ ತುಂಬ ಜನಕ್ಕೆ ಗೊತ್ತಿಲ್ಲದ ಒಂದು ಸೆಟ್ಟಿಂಗ್ ಇದೆ, ಹೋಮ್ ಅಸಿಸ್ಟೆಂಟ್ ಸಂಪರ್ಕ 15 ನಿಮಿಷ ಸಿಗದೇ ಹೋದ್ರೆ ಬೋರ್ಡು ತಾನೇ ರೀಬೂಟ್ ಆಗ್ತದೆ, ಡೀಫಾಲ್ಟೇ ಹಂಗಿದೆ. ಬಲ್ಬಿಗಾದ್ರೆ ಅಡ್ಡಿಲ್ಲ, ಪಂಪು ಓಡುವಾಗ ಮಧ್ಯದಲ್ಲಿ ನಿಲ್ತದೆ. ವೈಫೈ, ಎಪಿಐ (ಹೋಮ್ ಅಸಿಸ್ಟೆಂಟ್ ಜೊತೆಗಿನ ಸಂಪರ್ಕ) ಎರಡೂ ಕಡೆ ರೀಬೂಟ್ ಟೈಮ್‌ಔಟ್ ಸೊನ್ನೆ ಮಾಡಿ. ಕರೆಂಟು ಹೋಗಿ ಬಂದಾಗ ರಿಲೇ ಹಳೇ ಸ್ಥಿತಿಗೆ ಹೋಗಬಾರದು, ಯಾವಾಗಲೂ ಆಫಲ್ಲೇ ಎದ್ದೇಳೋ ಹಾಗೆ ಮಾಡಿ, ಇಲ್ಲಾಂದ್ರೆ ನಡುರಾತ್ರಿ ಕರೆಂಟು ಬಂದ ಕೂಡಲೇ ಪಂಪು ಶುರು. ಅರ್ಧ ತಾಸಿನ ಮೇಲೆ ತಾನಾಗಿ ಬಂದ್ ಆಗೋ ಟೈಮರ್ ಕೂಡ ಬೋರ್ಡಿನೊಳಗೇ ಇದೆ, ಲ್ಯಾಪ್‌ಟಾಪ್ ಸತ್ತರೂ ಅದು ಕೆಲಸ ಮಾಡ್ತದೆ.

ಇನ್ನು ಆಫ್ ಅಂದ್ರೆ ಆಫಾ ಅನ್ನೋದು. ಮೋಟಾರಿನ ಒಂದು ವೈರಿಗೆ ಕರೆಂಟ್ ಅಳೆಯೋ ಸಿಟಿ ಕಾಯಿಲ್ ಹಾಕಿ ಪಿಜೆಡ್‌ಇಎಂ ಅನ್ನೋ ಕರೆಂಟು ಮೀಟರಿಗೆ ಕೊಟ್ಟಿದೇನೆ. ಡ್ಯಾಶ್‌ಬೋರ್ಡಲ್ಲಿ ಪಂಪಿನ ಗುರುತು ಬಣ್ಣ ಬದಲಿಸೋದು ಈ ಮೀಟರ್ ಹೇಳಿದ್ರೆ ಮಾತ್ರ, ರಿಲೇ ಮಾತು ಅಲ್ಲಿ ನಡೆಯೂದಿಲ್ಲ. ಆಫ್ ಕೊಟ್ಟು ಹತ್ತು ಸೆಕೆಂಡ್ ಆದ್ರೂ ಕರೆಂಟು ಹರೀತಾ ಇದ್ರೆ ನನ್ನ ಫೋನೂ ಪಕ್ಕದ ಮನೆಯವರ ಫೋನೂ ಒಟ್ಟಿಗೇ ಕೂಗ್ತವೆ. ವ್ಯಾಟ್ ಒಮ್ಮೆಲೇ ಕಮ್ಮಿ ಆದ್ರೆ ಬಾವಿಯಲ್ಲಿ ನೀರು ಮುಗೀತು ಅಂತ, ಆವಾಗ ತಾನೇ ನಿಲ್ತದೆ. ಸುಮಾರು ಸಾವಿರದೊಳಗೆ ಸಿಗೋ ಸಾಮಾನು ಇದು. ಇಡೀ ಸೆಟಪ್ಪಲ್ಲಿ ಒಂದೇ ಇಟ್ಕೊಳ್ಳಿ ಅಂದ್ರೆ ನಾನು ಇದನ್ನ ಇಟ್ಕೊಳ್ತೇನೆ.

ಮತ್ತೆ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಅಡುಗೆಮನೆ ಕಿಟಕಿ ಪಕ್ಕದ ಒಂದು ಒತ್ತುಗುಂಡಿ ಮತ್ತು ಕೆಂಪು ದೀಪ. ಬೆಳಗ್ಗೆ ಆಯಿ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕಿ, ಕಷಾಯಕ್ಕೆ ನೀರಿಟ್ಟು, ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಆ ಗುಂಡಿ ಒತ್ತೂದು. ಕೆಳಗೆ ಪಂಪು ಹಿಡೀತಿದ್ದ ಹಾಗೆ ದೀಪ ಹೊತ್ತಿಕೊಳ್ತದೆ, ದೀಪದ ವೈರು ಕಾಂಟ್ಯಾಕ್ಟರಿನ ಆಚೆ ಬದಿಯಿಂದ ಬಂದಿರೋದ್ರಿಂದ ಮೋಟಾರಿಗೆ ಕರೆಂಟು ಹೋದ್ರೆ ಮಾತ್ರ ಬೆಳಗ್ತದೆ. ಕಷಾಯ ಕುಡಿದು, ದನಕ್ಕೆ ಅಕ್ಕಚ್ಚು ಕೊಟ್ಟು, ಹೂ ಕೊಯ್ದು ಬರುವಷ್ಟರಲ್ಲಿ ಟಾಂಕಿ ತುಂಬಿ ದೀಪ ಆರಿರ್ತದೆ. ಮೊದಲು ಮಳೆಯಲ್ಲಿ ಕೊಡೆ ಹಿಡಿದು, ಜಾರೋ ಮೆಟ್ಟಿಲು ಇಳಿದು ಬಾವಿಮನೆಗೆ ಹೋಗಿ ಸ್ಟಾರ್ಟರ್ ಒತ್ತಿ ಬರಬೇಕಿತ್ತು, ಈಗ ಜೂನಿಂದ ಸೆಪ್ಟೆಂಬರ್‌ವರೆಗೆ ಆಯಿ ಆ ಮೆಟ್ಟಿಲು ಇಳಿಯೋ ಪ್ರಸಂಗವೇ ಇಲ್ಲ. ಫೋನ್ ಆಪ್ ಅವಳಿಗೆ ಬೇಕಾಗಿಲ್ಲ, ಕೇಳಲೂ ಇಲ್ಲ. ಇದಕ್ಕೋಸ್ಕರ ನಾನು ಇಡೀ ಕಿರಿಕಿರಿಯನ್ನ ಇನ್ನೊಮ್ಮೆ ಅನುಭವಿಸಲೂ ತಯಾರು.

ಖಾಸಗಿತನದ ವಿಷಯಕ್ಕೆ ಬಂದ್ರೆ, ಅಂಗಳಕ್ಕೆ ಒಂದು ಕ್ಯಾಮರಾ ಬೇಕಿತ್ತು, ಒಣಗಿಸಿದ ಅಡಿಕೆ ಹೊರಗಿರ್ತದೆ, ಕಳ್ಳತನದ ಭಯ. ತಂದ ಅಗ್ಗದ ಕ್ಯಾಮರಾ ಆಪ್ ನನ್ನ ಫೋನಿನ ಕಾಂಟ್ಯಾಕ್ಟ್ ಪಟ್ಟಿ ಕೇಳ್ತು, ಅಡಿಕೆ ಕಾಯೋದಕ್ಕೂ ಅದಕ್ಕೂ ಎಂತ ಸಂಬಂಧ? ರೂಟರಲ್ಲಿ ನೋಡಿದ್ರೆ ಯಾರೂ ವಿಡಿಯೋ ನೋಡದೇ ಇದ್ದಾಗಲೂ ಅದು ಹೊರಗಿನ ಸರ್ವರಿನ ಜೊತೆ ಮಾತಾಡ್ತಾನೇ ಇದೆ. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಸುಮಾರು 60 ಡೀಫಾಲ್ಟ್ ಪಾಸ್‌ವರ್ಡ್ ಜೋಡಿ ಹಿಡ್ಕೊಂಡು ಲಕ್ಷಾಂತರ ಕ್ಯಾಮರಾ, ರೂಟರ್‌ಗಳನ್ನ ವಶ ಮಾಡಿತ್ತು. 2024ರ ಫೆಬ್ರವರಿಯಲ್ಲಿ ವೈಜ್ ಕ್ಯಾಮರಾದ ಸುಮಾರು 13,000 ಬಳಕೆದಾರರಿಗೆ ಬೇರೆಯವರ ಮನೆ ಚಿತ್ರ ಕಂಡಿತ್ತು. ನಾನು ಆ ಕ್ಯಾಮರಾ ತೆಗೆದು, ಆರ್‌ಟಿಎಸ್‌ಪಿ, ಅಂದ್ರೆ ಮನೆ ನೆಟ್‌ವರ್ಕಲ್ಲೇ ನೇರ ವಿಡಿಯೋ ಕೊಡೋ ಇನ್ನೊಂದು ಹಾಕಿ, ರೂಟರಲ್ಲಿ ಅದಕ್ಕೆ ಇಂಟರ್ನೆಟ್ ಪೂರ್ತಿ ಬಂದ್ ಮಾಡಿದೆ. ರೆಕಾರ್ಡಿಂಗ್ ಲ್ಯಾಪ್‌ಟಾಪಲ್ಲೇ ಇರ್ತದೆ.

ಆದರೆ ಸರ್ವರ್ ನನ್ನ ಮನೆಯಲ್ಲೇ ಇದ್ದ ಮಾತ್ರಕ್ಕೆ ಎಲ್ಲ ಸರಿ ಆಯ್ತು ಅಂತ ನನಗನಿಸೂದಿಲ್ಲ. ಕೊಯ್ಲಿನ ಹೊತ್ತಿಗೆ ಅದೇ ಅಂಗಳದಲ್ಲಿ ಹತ್ತಾರು ಹೆಂಗಸರು ಕೂತು ಅಡಿಕೆ ಸುಲೀತಾರೆ, ಮಾತು, ಹಾಡು, ಮನೆ ಕಷ್ಟಸುಖ ಎಲ್ಲ ಅಲ್ಲೇ. ಅವರ ಮಾತು ನನ್ನ ಡಿಸ್ಕಲ್ಲಿ ಯಾಕಿರಬೇಕು? ಮೈಕ್ ಪೂರ್ತಿ ತೆಗೆದು ಹಾಕಿದೆ, ಸುಲಿಯೋ ಹೊತ್ತಲ್ಲಿ ಕ್ಯಾಮರಾ ಆಫ್, ಆಫ್ ಅಂದ್ರೆ ಪ್ಲಗ್ ಕಿತ್ತು ಎದುರಿಗೇ ಇಡೂದು, ಅವರಿಗೂ ಕಾಣ್ಲಿ. ಆಯಿ ವಿಷಯವೂ ಹಾಗೇ. ಬೆಳಗ್ಗೆ ಗುಂಡಿ ಒತ್ತಿದ ಹೊತ್ತು ನನಗೂ ದೂರದಲ್ಲಿರೋ ಅಕ್ಕನಿಗೂ ಫೋನಲ್ಲಿ ಕಾಣ್ತದೆ, ಆರೂವರೆ ದಾಟಿದ್ರೂ ಪಂಪು ಶುರು ಆಗಿಲ್ಲ ಅಂದ್ರೆ ಅಕ್ಕ ಫೋನ್ ಮಾಡಿ ವಿಚಾರಿಸ್ತಾಳೆ. ಇದನ್ನ ಆಯಿಗೆ ಹೇಳಿ, ತೋರಿಸಿ, ಕೇಳಿದೆವು. "ಆನು ಎದ್ದಿದ್ದು ಗೊತ್ತಾದ್ರೆ ಅಡ್ಡಿಲ್ಲೆ, ಕ್ಯಾಮರಾ ಮಾತ್ರ ಮನೆ ಒಳಗೆ ಬ್ಯಾಡ" ಅಂದ್ಲು. ಒಳಗೆ ಇಲ್ಲ, ಹಾಕೂದೂ ಇಲ್ಲ.

ಸಿಡಿಲಿನದ್ದೊಂದು ಉಳೀತು. ಗುಡುಗು ಶುರು ಆದ್ರೆ ಎಲ್ಲ ಪ್ಲಗ್ ಕೀಳೂದು ನಮ್ಮ ಮನೆಗಳ ರೂಢಿ, ಅದು ಸರಿಯಾದ ರೂಢಿ. ಗೋಡೆಯೊಳಗೆ ಕೂರೋ ಸ್ಮಾರ್ಟ್ ಸ್ವಿಚ್ಚಿಗೆ ಪ್ಲಗ್ಗೇ ಇಲ್ಲ, ಸರ್ಜ್ ಪ್ರೊಟೆಕ್ಟರ್ ಹತ್ತಿರದ ಸಿಡಿಲಿಗೆ ನಿಲ್ತದೆ ಅಂತ ನಂಬಿ ಕೂರಲಿಕ್ಕೆ ಆಗೂದಿಲ್ಲ. ನಾನು ಲ್ಯಾಪ್‌ಟಾಪ್, ರೂಟರು ಒಂದೇ ಬೋರ್ಡಿಗೆ ತಂದಿದೇನೆ, ಬಾವಿಮನೆ ಲೈನಿಗೆ ಮನೆಯಲ್ಲೇ ಎರಡೂ ವೈರು ಕಟ್ ಮಾಡೋ ಡಬಲ್ ಪೋಲ್ ಐಸೊಲೇಟರ್ ಇದೆ. ಮೋಡ ಕಪ್ಪಾಗ್ತಿದ್ದ ಹಾಗೆ ಆಯಿ ಒಂದು ಪ್ಲಗ್ ಕೀಳ್ತಾಳೆ, ಒಂದು ಹಿಡಿಕೆ ಇಳಿಸ್ತಾಳೆ. ಬಾವಿಮನೆವರೆಗೆ ನೆಟ್‌ವರ್ಕ್ ಕೇಬಲ್ ಎಳೀಬೇಡಿ, ಅದು ಸಿಡಿಲಿಗೆ ಇನ್ನೊಂದು ದಾರಿ. ಚಿರೇಕಲ್ಲಿನ ದಪ್ಪ ಗೋಡೆ ದಾಟಿ ವೈಫೈ ಹೋಗೂದು ಕಷ್ಟ ಹೌದು, ನಾನು ಕಿಟಕಿ ಹತ್ರ ಒಂದು ಅಕ್ಸೆಸ್ ಪಾಯಿಂಟ್ ಇಟ್ಟು ಕೆಲಸ ನಡೆಸಿದೇನೆ.

ಅಂಕ ಕೇಳಿದ್ರೆ, ಆ ವೈಫೈ ಸ್ವಿಚ್ಚಿಗೆ ಪಂಪಿನ ಮಟ್ಟಿಗೆ ಸೊನ್ನೆ, ಬಲ್ಬಿಗಾದ್ರೆ ಐದಕ್ಕೆ ಎರಡು. ಹೋಮ್ ಅಸಿಸ್ಟೆಂಟಿಗೆ ನಾಲ್ಕು, ಒಂದು ಕಡಿಮೆ ಯಾಕಂದ್ರೆ ಮನೆಯಲ್ಲಿ ಅದನ್ನ ಅರ್ಥ ಮಾಡ್ಕೊಂಡವನು ಒಬ್ಬನೇ ಇದ್ರೆ ಅವನಿಲ್ಲದ ದಿನ ಉಳಿದವರಿಗೆ ಕಷ್ಟ. ಅದಕ್ಕೇ ಬಾವಿಮನೆ ಪೆಟ್ಟಿಗೆಯಲ್ಲಿ ಕೈ, ಬಂದ್, ಆಟೊ ಅಂತ ಮೂರು ಸ್ಥಾನದ ಸೆಲೆಕ್ಟರ್ ಇದೆ, ಕೈಗೆ ತಿರುಗಿಸಿದ್ರೆ ಕಂಪ್ಯೂಟರ್ ಪೂರ್ತಿ ಹೊರಗೆ, ಫ್ಲೋಟ್ ಮಾತ್ರ ಕಾವಲಿಗೆ. ಪೆಟ್ಟಿಗೆ ಬಾಗಿಲಿನ ಒಳಬದಿಗೆ ವೈರಿಂಗ್ ನಕ್ಷೆ ಕನ್ನಡದಲ್ಲೇ ಬರೆದು ಲ್ಯಾಮಿನೇಟ್ ಮಾಡಿ ಅಂಟಿಸಿದೇನೆ, ಕಳೆದ ಮಳೆಗಾಲದಲ್ಲಿ ನಾನು ಊರಲ್ಲಿ ಇಲ್ಲದಾಗ ಕಾಯಿಲಿಗೆ 24 ವೋಲ್ಟ್ ಕೊಡೋ ಚಿಕ್ಕ ಟ್ರಾನ್ಸ್‌ಫಾರ್ಮರ್ ಕೆಟ್ಟಿತ್ತು, ಬಂದ ಎಲೆಕ್ಟ್ರಿಷಿಯನ್ ಅದನ್ನ ನೋಡಿಯೇ ಬದಲಿಸಿ ಹೋದ್ರು, ನನಗೆ ಫೋನೂ ಮಾಡಲಿಲ್ಲ. ನಕ್ಷೆ ಯಾರಿಗಾದ್ರೂ ಬೇಕಿದ್ರೆ ಹೇಳಿ, ಫೋಟೋ ಹಾಕ್ತೇನೆ, ನಿಮ್ಮ ಮೋಟಾರಿನ ಎಚ್‌ಪಿ ಮತ್ತೆ ಸಿಂಗಲ್ ಫೇಸಾ ತ್ರೀ ಫೇಸಾ ಅಂತ ಬರೀರಿ. ತ್ರೀ ಫೇಸ್ ಆದ್ರೆ ಇದು ಹಾಗೇ ಹೊಂದೂದಿಲ್ಲ, ಫೇಸ್ ಹೋದಾಗ ಕಟ್ ಮಾಡೋ ಪ್ರಿವೆಂಟರ್ ಬೇರೆ ಬೇಕು.