ಪ್ರತಿಕ್ರಿಯೆಯ ವೇಗ ಅಳೆಯಲು ಅಡಿಪಟ್ಟಿಯೋ, ಪರದೆಯೋ?

ಮುಂಬೈ ಕಡೆಯ ಮಾಟುಂಗಾದಲ್ಲೋ ಡೊಂಬಿವಲಿಯಲ್ಲೋ ಮಕ್ಕಳನ್ನು ಬ್ಯಾಡ್ಮಿಂಟನ್ ತರಬೇತಿಗೆ ಕಳುಹಿಸುವ ಕನ್ನಡಿಗ ಪೋಷಕರು, ಕಂಡದ್ದಕ್ಕೆ ಕೈ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದನ್ನು ಮನೆಯಲ್ಲೇ ಅಳೆಯಬಯಸಿದರೆ, ಅವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು 30 ಸೆಂಟಿಮೀಟರಿನ ಅಡಿಪಟ್ಟಿ. ಒಬ್ಬರು ಮೇಲ್ತುದಿಯನ್ನು ಹಿಡಿದು ಸೂಚನೆ ಕೊಡದೆ ಬಿಡುತ್ತಾರೆ. ಸೊನ್ನೆಯ ಗುರುತಿನ ಬಳಿ ಬೆರಳು ತೆರೆದಿಟ್ಟುಕೊಂಡವರು ಅದನ್ನು ಹಿಡಿಯುತ್ತಾರೆ. ಬೀಳುವಿಕೆಯನ್ನು ಗುರುತ್ವವೇ ನಿರ್ಧರಿಸುವುದರಿಂದ, 15 ಸೆಂಟಿಮೀಟರಿನಲ್ಲಿ ಹಿಡಿದರೆ ಸುಮಾರು 175 ಮಿಲಿಸೆಕೆಂಡು, 20ರಲ್ಲಿ ಹಿಡಿದರೆ ಸುಮಾರು 202 ಮಿಲಿಸೆಕೆಂಡು ಎಂದು ಲೆಕ್ಕ ಸಿಗುತ್ತದೆ. ಅಲ್ಲಿ ಒಂದು ಸೆಂಟಿಮೀಟರು ತಪ್ಪಾಗಿ ಓದಿದರೂ ವ್ಯತ್ಯಾಸ ಸುಮಾರು 5 ಮಿಲಿಸೆಕೆಂಡು ಮಾತ್ರ. ಆದರೆ ಬಿಡುವ ಕ್ಷಣವನ್ನು ಊಹಿಸಿ ಹಿಡಿಯುವ ಚಾಳಿ ಮಕ್ಕಳಿಗೆ ಬಲುಬೇಗ ಅಂಟಿಕೊಳ್ಳುತ್ತದೆ.

ಬಣ್ಣ ಬದಲಾದೊಡನೆ ಒತ್ತುವ ಪರದೆಯ ಪರೀಕ್ಷೆಯಲ್ಲಿ, ಕಾಯುವ ಅವಧಿ ಪ್ರತಿ ಸಲವೂ ಬದಲಾಗುವುದರಿಂದ, ಈ ಊಹೆ ಅಷ್ಟಾಗಿ ನಡೆಯದು. ಅದರ ದೋಷ ಬೇರೆ: 60 ಹರ್ಟ್ಸ್ ಪರದೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಮಾತ್ರ ಚಿತ್ರ ಬದಲಿಸುತ್ತದೆ; ಸ್ಪರ್ಶವನ್ನು ಗುರುತಿಸಲು ಫೋನು ಮತ್ತಷ್ಟು ಸಮಯ ತೆಗೆದುಕೊಳ್ಳುತ್ತದೆ. ಹೀಗಾಗಿ ಅಣ್ಣನ ಫೋನಿನ ಅಂಕಿಯನ್ನು ತಂಗಿಯ ಲ್ಯಾಪ್‌ಟಾಪಿನ ಅಂಕಿಯೊಂದಿಗೆ ಹೋಲಿಸುವುದು ನ್ಯಾಯವಲ್ಲ.

ಒಂದೇ ಸಂಜೆಯ ಕುತೂಹಲಕ್ಕೆ ಅಡಿಪಟ್ಟಿ ಸಾಕು. ವಾರಗಟ್ಟಲೆ ಪ್ರಗತಿಯನ್ನು ಗಮನಿಸುವುದಾದರೆ, ತಂತಿಯ ಮೌಸ್ ಇರುವ ಒಂದೇ ಕಂಪ್ಯೂಟರಿನಲ್ಲಿ, ಪ್ರತಿ ಸಲ ಹತ್ತಾರು ಯತ್ನಗಳ ಮಧ್ಯಾಂಕವನ್ನು (ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವುದನ್ನು) ಬರೆದಿಡುವುದನ್ನೇ ನಾನು ಆರಿಸುತ್ತೇನೆ. ಆರಂಭದ ಸುಧಾರಣೆ ಬಹುಪಾಲು ಪರೀಕ್ಷೆಯ ರೂಢಿಯಿಂದ ಬಂದದ್ದು. ನಿದ್ರೆಗೆಟ್ಟ ಮರುದಿನ, ಅದೂ ಬೆಳಗಿನ ಲೋಕಲ್ ರೈಲು ಹಿಡಿದು ಬಂದ ಮೇಲೆ, ಅಂಕಿ ಏರಿದರೆ ಅಚ್ಚರಿಪಡಬೇಕಾಗಿಲ್ಲ.