ಎಂಟಿ ಟಯರೋ, ಎಟಿ ಟಯರಿಗೆ ಚೈನೋ: ಮೂಡಿಗೆರೆ ಸೀಮೆಯ ತೋಟದ ದಾರಿಯಲ್ಲಿ ಮೂರು ಮಳೆಗಾಲದ ಹೋಲಿಕೆ

ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ರಸ್ತೆಯನ್ನು ಬಿಟ್ಟು ನಮ್ಮ ಮೇಲಿನ ತೋಟಕ್ಕೆ ಹತ್ತುವ ಕಚ್ಚಾ ದಾರಿ ಮೂರು ಕಿಲೋಮೀಟರಿಗೆ ತುಸು ಕಡಿಮೆ. ಬೇಸಿಗೆಯಲ್ಲಿ ಅಲ್ಲಿ ಸ್ಕೂಟರೂ ಹೋಗುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಮಾತ್ರ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗದ ಗಾಡಿಗಳು ಮೊದಲ ತಿರುವಿನಲ್ಲೇ ನಿಂತುಬಿಡುತ್ತವೆ. ದಾರಿಯ ಆರಂಭದಲ್ಲಿ ಗದ್ದೆಯಂಚಿನ ಕೆಸರಿನ ತಗ್ಗು, ಅದನ್ನು ದಾಟಿದರೆ ಮೊಣಕಾಲುದ್ದ ನೀರಿನ ಹಳ್ಳ, ಆಮೇಲೆ ಪಾಚಿಗಟ್ಟಿದ ಕಲ್ಲಿನ ಏರು, ಕೊನೆಗೆ ಸಿಲ್ವರ್ ಓಕ್ ಮರಗಳ ನಡುವೆ ಕೆಂಪು ಜೇಡಿಯ ಕಡಿದಾದ ಇಳಿಜಾರು ಬರುತ್ತವೆ. ನಾಲ್ಕು ಬಗೆಯ ಕಷ್ಟಗಳೂ ಒಂದೇ ದಾರಿಯಲ್ಲಿ ಸಿಗುವುದರಿಂದ ಗಾಡಿಯ ತಯಾರಿಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಬೇರೆ ಬೇಕಾಗಲಿಲ್ಲ.

ಗಾಡಿ 2020ರ ನಂತರದ ಡೀಸೆಲ್ ಮಹೀಂದ್ರಾ ಥಾರ್, 16 ಇಂಚಿನ ರಿಮ್ಮಿನದು, ಟಯರಿನ ಅಳತೆ 245/75 ಆರ್ 16. ಮೂರು ಮಳೆಗಾಲದಲ್ಲಿಯೂ ಅಳತೆಯನ್ನು ಬದಲಿಸಲಿಲ್ಲ, ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಕೂಡ ಹಾಕಿಸಲಿಲ್ಲ. ಕಂಪನಿಯೇ ಕೊಟ್ಟ 226 ಮಿಲಿಮೀಟರಿನ ನೆಲದೆತ್ತರ ನಮ್ಮ ದಾರಿಗೆ ಸಾಕು. ಅದಕ್ಕಿಂತ ಮುಖ್ಯವಾಗಿ, ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ಗಾಡಿಯ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸುವುದನ್ನು ಒಪ್ಪುವುದಿಲ್ಲ. ಹಾಗಾಗಿ ಹೋಲಿಕೆ ನಡೆದದ್ದು ನೆಲವನ್ನು ಹಿಡಿಯುವುದು ಯಾವುದು, ಹೂತಾಗ ಹೊರಗೆ ತರುವುದು ಯಾವುದು ಎಂಬ ಎರಡು ಪ್ರಶ್ನೆಗಳ ಸುತ್ತ ಮಾತ್ರ.

ಮೊದಲ ಮಳೆಗಾಲ ಎಟಿ, ಅಂದರೆ ಎಲ್ಲ ಬಗೆಯ ನೆಲಕ್ಕೂ ಒಗ್ಗುವ ಆಲ್ ಟೆರೇನ್ ಟಯರಿನದು. ಹಳ್ಳ ಮತ್ತು ಕಲ್ಲಿನ ಏರಿನಲ್ಲಿ ಅದರ ಬಗ್ಗೆ ನನಗೆ ಯಾವ ದೂರೂ ಇರಲಿಲ್ಲ. ಕೆಸರಿನ ತಗ್ಗಿನಲ್ಲಿ ಮಾತ್ರ ಗಾಡಿ ಎರಡು ಮಾರು ಹೋಗಿ ನಿಂತಿತು. ಇಳಿದು ಹಿಂದಿನ ಚಕ್ರದ ಮೇಲೆ ಕೈಯಾಡಿಸಿದಾಗ ಕಾರಣ ಬೆರಳಿಗೇ ಸಿಕ್ಕಿತು. ಬಟನ್ನುಗಳ, ಅಂದರೆ ಟಯರಿನ ಮೈಮೇಲಿನ ರಬ್ಬರು ಉಬ್ಬುಗಳ, ನಡುವಿನ ಸಂದುಗಳೆಲ್ಲ ಮೆತ್ತಿಕೊಂಡ ಜೇಡಿಯಿಂದ ಮುಚ್ಚಿಹೋಗಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಮಣ್ಣು ಅಲುಗುತ್ತಿರಲಿಲ್ಲ, ಉಗುರಿನಿಂದ ಕೆದಕಿ ತೆಗೆಯಬೇಕಾಯಿತು. ಚಕ್ರ ಮೂರು ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಎಟಿ ಟಯರು ಬಟನ್ನೇ ಇಲ್ಲದ ನುಣುಪು ಟಯರಾಗಿಬಿಟ್ಟಿತ್ತು. ನಮ್ಮ ಮಣ್ಣಿನ ಸ್ವಭಾವವೇ ಇದು: ಮರಳಿನಂತೆ ಉದುರುವುದಿಲ್ಲ, ಹಿಡಿದದ್ದನ್ನು ಬಿಡುವುದಿಲ್ಲ.

ಟಯರು ಬದಲಿಸಲು ಹೊರಡುವ ಮೊದಲು ಗಾಳಿ ಇಳಿಸಿ ನೋಡಿದ್ದು ಒಳ್ಳೆಯದಾಯಿತು. ಟಾರು ರಸ್ತೆಯಲ್ಲಿ 32 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇದ್ದದ್ದನ್ನು 20ಕ್ಕೆ ತಂದಾಗ ಅದೇ ತಗ್ಗನ್ನು ಗಾಡಿ ನಿಧಾನವಾಗಿ, ಆದರೆ ಎಲ್ಲಿಯೂ ನಿಲ್ಲದೆ ದಾಟಿತು. ಗಾಳಿ ಕಡಿಮೆಯಾದಾಗ ಟಯರು ನೆಲಕ್ಕೆ ತಾಗುವ ಭಾಗ ಅಗಲಕ್ಕಿಂತ ಹೆಚ್ಚಾಗಿ ಉದ್ದದಲ್ಲಿ ಬೆಳೆಯುತ್ತದೆ. ಹೆಚ್ಚು ಬಟನ್ನುಗಳು ಒಟ್ಟಿಗೆ ನೆಲ ಹಿಡಿಯುತ್ತವೆ, ಗಾಡಿಯ ಭಾರ ಹರಡಿಹೋಗುತ್ತದೆ, ಬಾಗುವ ರಬ್ಬರು ಮಣ್ಣನ್ನು ತಾನೇ ಸ್ವಲ್ಪ ಒದರುತ್ತದೆ. ಕಲ್ಲಿನ ಏರಿನಲ್ಲಿಯೂ ಟಯರು ಪುಟಿಯುವ ಬದಲು ಕಲ್ಲನ್ನು ಅಪ್ಪಿಕೊಳ್ಳುತ್ತದೆ. 15 ಪಿಎಸ್‌ಐಗಿಂತ ಕೆಳಗೆ ನಾನು ಇಳಿದಿಲ್ಲ, ಏಕೆಂದರೆ ಅಲ್ಲಿಂದ ಕೆಳಗೆ ತಿರುವುಗಳಲ್ಲಿ ಟಯರಿನ ಅಂಚು ರಿಮ್ಮನ್ನು ಬಿಟ್ಟು ಬರುವ ಅಪಾಯ ಹೆಚ್ಚು. ಗಾಳಿ ಅಳೆಯುವ ಗೇಜು ಮತ್ತು ಬ್ಯಾಟರಿಗೆ ಕಚ್ಚಿಸುವ ಚಿಕ್ಕ ಕಂಪ್ರೆಸರು, ಇವೆರಡಕ್ಕೆ ಕೊಟ್ಟ ಹಣದಷ್ಟು ಫಲವನ್ನು ಗಾಡಿಗೆ ಹಾಕಿಸಿದ ಬೇರೆ ಯಾವ ವಸ್ತುವೂ ನನಗೆ ಕೊಟ್ಟಿಲ್ಲ.

ಎರಡನೇ ವರ್ಷ ಎಂಟಿ, ಅಂದರೆ ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟಯರನ್ನು ಹಾಕಿಸಿದೆ. ಕೆಸರಿನಲ್ಲಿ ಅದರ ಮೇಲುಗೈ ಮೊದಲ ದಿನವೇ ಕಂಡಿತು. ಬಟನ್ನುಗಳ ನಡುವಿನ ಸಂದು ಅಗಲವಾಗಿರುವುದರಿಂದ, ಚಕ್ರ ತುಸು ವೇಗವಾಗಿ ತಿರುಗಿದರೆ ಮೆತ್ತಿದ ಮಣ್ಣು ಹೆಂಟೆ ಹೆಂಟೆಯಾಗಿ ಹಾರಿಹೋಗಿ ಟಯರು ಮತ್ತೆ ಶುಚಿಯಾಗುತ್ತದೆ. ಗದ್ದೆಯಂಚಿನ ತಗ್ಗನ್ನು ಗಾಳಿ ಇಳಿಸದೆಯೇ ದಾಟಿದೆ. ಇನ್ನೊಂದು ಗುಣವನ್ನೂ ಮುಚ್ಚಿಡದೆ ಹೇಳಬೇಕು. ಕಸಿ ಮಾಡಿದ, ಅಂದರೆ ಕೊಂಬೆ ಸವರಿದ, ಕಾಫಿ ಗಿಡದ ಮೊಂಡು ಬೊಡ್ಡೆಯೊಂದು ಹುಲ್ಲಿನಲ್ಲಿ ಅಡಗಿದ್ದು ಟಯರಿನ ಪಕ್ಕೆಗೆ ನೇರವಾಗಿ ಚುಚ್ಚಿದಾಗ, ದಪ್ಪ ಪಕ್ಕೆಯ ಈ ಟಯರಿನ ಮೇಲೆ ಬರೀ ಗೀರು ಉಳಿಯಿತು. ತೋಟದ ಒಳಗೇ ಓಡಾಡುವ ಗಾಡಿಗೆ ಇದು ಸಣ್ಣ ಲಾಭವಲ್ಲ.

ಆದರೆ ನಮ್ಮ ಗಾಡಿಗಳು ತೋಟದ ಒಳಗೆ ಮಾತ್ರ ಓಡುವುದಿಲ್ಲ. ವಾರಕ್ಕೆ ಎರಡು ಸಲ ಮೂಡಿಗೆರೆ, ತಿಂಗಳಿಗೊಮ್ಮೆ ಚಾರ್ಮಾಡಿ ಘಾಟಿ ಇಳಿದು ಉಜಿರೆ ಕಡೆಗೆ ಹೋಗಬೇಕು. ಒದ್ದೆ ಟಾರಿನ ಮೇಲೆ, ಮಂಜಿನಲ್ಲಿ, ಎದುರಿನಿಂದ ಲಾರಿ ಬರುತ್ತಿರುವಾಗ ಎಂಟಿ ಟಯರಿನ ಬ್ರೇಕು ನನಗೆ ಧೈರ್ಯ ಕೊಡಲಿಲ್ಲ. ದೂರ ದೂರದ ದಪ್ಪ ಬಟನ್ನುಗಳಿಂದಾಗಿ ಟಾರಿಗೆ ತಾಗುವ ರಬ್ಬರೇ ಕಡಿಮೆ, ನೀರನ್ನು ಸೀಳುವ ಸಣ್ಣ ಸೀಳುಗಳೂ ಕಡಿಮೆ. ಎಟಿಯಲ್ಲಿ ಸಹಜವಾಗಿ ನಿಲ್ಲುತ್ತಿದ್ದ ದೂರದಲ್ಲಿ ಇದು ಇನ್ನೂ ಮುಂದಕ್ಕೆ ಸರಿಯುತ್ತಿತ್ತು. ಪಾಚಿಯ ಕಲ್ಲಿನ ಮೇಲೂ ಎಟಿಯೇ ಮೇಲು ಎಂದು ನನಗೆ ಕಂಡಿತು, ಏಕೆಂದರೆ ಅಲ್ಲಿ ಬೇಕಾದದ್ದು ಆಳದ ಸಂದಲ್ಲ, ಕಲ್ಲಿಗೆ ತಾಗುವ ಮೆತ್ತನೆಯ ರಬ್ಬರು. ಸದ್ದಿನ ಮತ್ತು ಡೀಸೆಲ್ ಖರ್ಚಿನ ವಿಚಾರವನ್ನು ಹಿಗ್ಗಿಸಿ ಹೇಳುವುದಿಲ್ಲ, ಎರಡೂ ಹೆಚ್ಚಾದವು.

ನನ್ನ ಅಭಿಪ್ರಾಯ ಪೂರ್ತಿ ಬದಲಾದದ್ದು ಪುನರ್ವಸು ಮಳೆಯ ಒಂದು ಮಧ್ಯಾಹ್ನ, ಸಿಲ್ವರ್ ಓಕ್ ಸಾಲಿನ ಇಳಿಜಾರಿನಲ್ಲಿ. ಜೇಡಿಯ ಮೇಲೆ ಒದ್ದೆ ಎಲೆಗಳ ಹಾಸು ಬಿದ್ದಿತ್ತು. 4ಎಲ್‌ನಲ್ಲಿ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ನಿಧಾನ ಗತಿಯಲ್ಲಿ), ಮೊದಲ ಗೇರಿನಲ್ಲಿ ಇಳಿಯುತ್ತಿದ್ದಾಗ ಗಾಡಿಯ ಹಿಂಭಾಗ ನಿಧಾನವಾಗಿ ಚರಂಡಿಯ ಕಡೆಗೆ ಅಡ್ಡ ಜಾರತೊಡಗಿತು. ನಾನು ಬ್ರೇಕ್ ಒತ್ತಿದೆ, ಅದು ನನ್ನದೇ ತಪ್ಪು. ಚಕ್ರಗಳು ತಿರುಗುವುದನ್ನು ಬಿಟ್ಟವು, ಗಾಡಿ ಪಕ್ಕಕ್ಕೆ ಸರಿದು ಎಡಗಡೆಯ ಎರಡೂ ಚಕ್ರ ಚರಂಡಿಗೆ ಇಳಿದವು. ಎಂಟಿ ಟಯರು ಮುಂದಕ್ಕೆ ಅಗೆಯುತ್ತದೆ ನಿಜ, ಆದರೆ ಎಲೆ ಹಾಸಿದ ಜೇಡಿಯಲ್ಲಿ ಅಡ್ಡ ಜಾರುವುದನ್ನು ಅದು ತಡೆಯಲಿಲ್ಲ. ಪಕ್ಕದ ಎಸ್ಟೇಟಿನ ಹಿರಿಯ ಡ್ರೈವರು ಅದೇ ದಾರಿಯಲ್ಲಿ ಹಳೆಯ ಜೀಪಿನಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ಇಳಿದು ಬಂದರು. ಅವರ ಟಯರಿನ ಬಟನ್ನು ಅರ್ಧಕ್ಕಿಂತ ಹೆಚ್ಚು ಸವೆದಿತ್ತು, ನಾಲ್ಕೂ ಚಕ್ರಕ್ಕೆ ಕಬ್ಬಿಣದ ಚೈನು ಸುತ್ತಿತ್ತು. "ಗೌಡ್ರೇ, ಹಿಂಗೆ ಜಾರುವಾಗ ಬ್ರೇಕ್ ಮುಟ್ಬಾರ್ದು. ಎತ್ಲಾಗ್ ಜಾರುತ್ತೋ ಅತ್ಲಾಗೆ ತಿರುಗ್ಸಿ, ಚೂರೇ ಚೂರು ಎಕ್ಸಲೇಟರ್ ಕೊಡಿ. ಚೈನಿಲ್ದೆ ಈ ಇಳುಕ್ಲಿಗೆ ಬರ್ಲೇಬೇಡಿ" ಎಂದರು. ಮೂವತ್ತು ಮಳೆಗಾಲ ಈ ದಾರಿಯಲ್ಲಿ ಓಡಾಡಿದವರ ಮಾತು ಅದು.

ಮೂರನೇ ವರ್ಷ ಎಟಿಗೆ ಮರಳಿ, ವೆಲ್ಡಿಂಗ್ ಅಂಗಡಿಯಲ್ಲಿ ನಮ್ಮ ಟಯರಿನ ಅಳತೆಗೇ ಚೈನು ಮಾಡಿಸಿದೆ. ಒಳಪಕ್ಕೆಗೊಂದು ಹೊರಪಕ್ಕೆಗೊಂದು ಉದ್ದ ಸರಪಳಿ, ಅವೆರಡನ್ನೂ ಏಣಿಯ ಮೆಟ್ಟಿಲಿನಂತೆ ಜೋಡಿಸುವ ಅಡ್ಡ ಕೊಂಡಿಗಳು, ಇಷ್ಟೇ ಅದರ ರಚನೆ. ಕಟ್ಟುವಾಗ ಚೈನನ್ನು ಚಕ್ರದ ಮೇಲೆ ಹೊದಿಸಿ, ಗಾಡಿಯನ್ನು ಅರ್ಧ ಸುತ್ತು ಮುಂದೆ ಸರಿಸಿ, ಒಳಗಿನ ಕೊಕ್ಕೆಯನ್ನು ಮೊದಲು ಸಿಕ್ಕಿಸಿ, ಆಮೇಲೆ ಹೊರಗಿನದನ್ನು ಬಿಗಿಯಬೇಕು. ಸುರಿಯುವ ಮಳೆಯಲ್ಲಿ ನೆಲದ ಮೇಲೆ ಮಲಗಿ, ತೋಳಿಗೆ ಹತ್ತುವ ಜಿಗಣೆಗಳನ್ನು ಕೀಳುತ್ತ ಎರಡು ಚಕ್ರಕ್ಕೆ ಕಟ್ಟಲು ನನಗೆ ಅರ್ಧ ಗಂಟೆ ಹಿಡಿಯುತ್ತದೆ. ಸ್ವಲ್ಪ ದೂರ ಓಡಿಸಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಒಮ್ಮೆ ಅದನ್ನು ಮಾಡದೆ ಹೋದದ್ದರಿಂದ ಸಡಿಲವಾದ ಕೊಂಡಿಯೊಂದು ಬೀಸಿ ಹೊಡೆದು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ನಿಲ್ಲದಂತೆ ತಡೆಯುವ ವ್ಯವಸ್ಥೆ) ಸೆನ್ಸರಿನ ವೈರನ್ನು ಕತ್ತರಿಸಿತು. ಹಳೆಯ ಜೀಪುಗಳಲ್ಲಿ ಚಕ್ರದ ಬಳಿ ಅಂಥ ವೈರೇ ಇರಲಿಲ್ಲ. ಈಗಿನ ಗಾಡಿಗಳಿಗೆ ಚೈನು ಮಾಡಿಸುವವರು ಮುಂದಿನ ಚಕ್ರವನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸಿಗೂ ವೈರಿಗೂ ಚೈನಿಗೂ ನಡುವೆ ಎರಡು ಬೆರಳಿನಷ್ಟಾದರೂ ಜಾಗ ಉಳಿಯುತ್ತದೆಯೇ ಎಂದು ನೋಡಿಕೊಳ್ಳಲೇಬೇಕು.

ಆ ಕಷ್ಟಕ್ಕೆ ಸಿಕ್ಕ ಪ್ರತಿಫಲ ದೊಡ್ಡದು. ಅದೇ ಇಳಿಜಾರು, ಅದೇ ಎಲೆ ಹಾಸು. ಅಡ್ಡ ಕೊಂಡಿಗಳು ಎಲೆಗಳನ್ನು ಸೀಳಿ ಕೆಳಗಿನ ಗಟ್ಟಿ ಮಣ್ಣನ್ನು ಕಚ್ಚಿದವು, ಗಾಡಿ ನಡೆಯುವ ಎತ್ತಿನಂತೆ ಹೆಜ್ಜೆ ಹೆಜ್ಜೆಗೂ ನಿಂತು ಇಳಿಯಿತು. ಮೊದಲು ಹಿಂದಿನ ಚಕ್ರಕ್ಕೆ ಮಾತ್ರ ಕಟ್ಟಿದ್ದೆ. ಏರುವಾಗ ಭಾರ ಹಿಂದಕ್ಕೆ ಬೀಳುವುದರಿಂದ ಅದು ಸಾಕು. ಇಳಿಯುವಾಗ ಭಾರ ಮುಂದಕ್ಕೆ ಸರಿಯುವುದರಿಂದ ಸ್ಟೀರಿಂಗ್ ಮಾತು ಕೇಳಬೇಕಾದರೆ ಮುಂದಿನ ಚಕ್ರಕ್ಕೂ ಬೇಕು. ಎರಡೇ ಚೈನು ಇದ್ದರೆ, ಆ ದಿನ ದಾರಿಯಲ್ಲಿ ಏರು ಕಠಿಣವೋ ಇಳಿಜಾರು ಕಠಿಣವೋ ನೋಡಿ ಕಟ್ಟುವ ಪದ್ಧತಿಯನ್ನು ನಾನು ಇಟ್ಟುಕೊಂಡಿದ್ದೇನೆ.

ಚೈನಿನಿಂದ ದೊಡ್ಡ ಹಾನಿ ಗಾಡಿಗಲ್ಲ, ದಾರಿಗೆ. ಅದು ಮಣ್ಣನ್ನು ಉಳುತ್ತದೆ. ಉತ್ತ ಗೆರೆಯಲ್ಲಿ ಮಳೆನೀರು ಹರಿದು ಒಂದೇ ವಾರದಲ್ಲಿ ಕೊರಕಲಾಗುತ್ತದೆ. ಆದ್ದರಿಂದ ಇಡೀ ದಾರಿಗೆ ಚೈನು ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಕಷ್ಟದ ಜಾಗದ ಮೊದಲು ಕಟ್ಟಿ, ದಾಟಿದ ಮೇಲೆ ಬಿಚ್ಚಬೇಕು. ಟಾರಿನ ಮೇಲಂತೂ ಬೇಡವೇ ಬೇಡ. ಹುಲ್ಲುಗಾವಲು ಮತ್ತು ಶೋಲಾ ಕಾಡಿನ ಅಂಚಿಗೆ ಚೈನು ಕಟ್ಟಿದ ಗಾಡಿಯನ್ನಾಗಲಿ ಎಂಟಿ ಟಯರಿನ ಗಾಡಿಯನ್ನಾಗಲಿ ಒಯ್ಯುವುದು ನಮ್ಮ ಹೊಳೆಗಳ ತಲೆಗೇ ಪೆಟ್ಟು ಕೊಟ್ಟಂತೆ. ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನಲ್ಲೇ ಎಂಬುದನ್ನು ನಾವಾದರೂ ಮರೆಯಬಾರದು.

ಹೂತ ಗಾಡಿಯನ್ನು ಎಳೆಯುವ ಸಾಧನಗಳಲ್ಲಿ ನಾನು ಮೂರನ್ನು ಬಳಸಿದ್ದೇನೆ. ಹಿಗ್ಗುವ ನೈಲಾನ್ ಹಗ್ಗ ಅಗ್ಗ, ಹಗುರ ಮತ್ತು ಎಲ್ಲಕ್ಕಿಂತ ಬೇಗ. ಆದರೆ ಎಳೆಯಲು ಇನ್ನೊಂದು ಗಾಡಿ ಬೇಕು, ಹಗ್ಗ ಸಿಕ್ಕಿಸುವ ಕೊಂಡಿ ಚಾಸಿಗೇ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟಿಗೇ, ಬಿಗಿದಿರಬೇಕು. ಟ್ರೈಲರ್ ಕಟ್ಟುವ ಉಕ್ಕಿನ ಉಂಡೆಗೆ ಹಗ್ಗ ಹಾಕಿ ಎಳೆದರೆ ಅದು ಕಿತ್ತು ಗುಂಡಿನಂತೆ ಹಾರಿ ಜೀವ ತೆಗೆಯಬಲ್ಲದು. ನೆಂಟರ ಗಾಡಿಯಲ್ಲಿದ್ದ ಎಲೆಕ್ಟ್ರಿಕ್ ವಿಂಚನ್ನು (ಡ್ರಮ್ಮಿಗೆ ಹಗ್ಗ ಸುತ್ತಿ ಎಳೆಯುವ ಯಂತ್ರ) ಒಂದು ಮಳೆಗಾಲ ಬಳಸಿದೆ. 9,500 ಪೌಂಡಿನ, ಅಂದರೆ ಸುಮಾರು 4,300 ಕಿಲೋ ಎಳೆಯುವ ವಿಂಚದು. ಆ ಪೂರ್ತಿ ಶಕ್ತಿ ಸಿಗುವುದು ಡ್ರಮ್ಮಿನ ಮೇಲೆ ಹಗ್ಗದ ಒಂದೇ ಸುತ್ತುಪದರ ಉಳಿದಿರುವಾಗ ಮಾತ್ರ, ಪದರ ಹೆಚ್ಚಿದಷ್ಟೂ ಎಳೆತ ಕಡಿಮೆಯಾಗುತ್ತದೆ. ಪೂರ್ತಿ ಭಾರದಲ್ಲಿ ಅದು ನೂರಾರು ಆಂಪಿಯರ್ ಕರೆಂಟು ಎಳೆಯುವುದರಿಂದ ಹಳೆಯ ಬ್ಯಾಟರಿಯ ಗಾಡಿಗೆ ತಕ್ಕದ್ದಲ್ಲ. ಅದನ್ನು ಹೊರಲು ಮುಂದೆ ಭಾರದ ಕಬ್ಬಿಣದ ಬಂಪರು ಬೇಕು, ಮತ್ತು 2017ರ ಡಿಸೆಂಬರಿನಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ತಿಳಿಸಿದ ಮೇಲೆ ಅಂಥ ಬಂಪರಿನೊಂದಿಗೆ ಪೇಟೆಗೆ ಹೋಗುವುದು ತೊಂದರೆಯೇ.

ನಾನು ಉಳಿಸಿಕೊಂಡದ್ದು ಕೈ ವಿಂಚ್, ತೋಟದಲ್ಲಿ ಮರದ ದಿಮ್ಮಿ ಎಳೆಯಲು ಬಳಸುವ 1.6 ಟನ್ನಿನದು. ಹಿಡಿಯನ್ನು ಒಮ್ಮೆ ಎಳೆದರೆ ಉಕ್ಕಿನ ಹಗ್ಗ ಸರಿಯುವುದು ಎರಡು ಮೂರು ಬೆರಳಿನಷ್ಟು ಮಾತ್ರ, ತೋಳು ಸೋತುಹೋಗುತ್ತದೆ. ನಡುವೆ ರಾಟೆ ಹಾಕಿದರೆ ಎಳೆತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ವೇಗ ಅರ್ಧವಾಗುತ್ತದೆ. ಆದರೆ ಗಾಡಿಯ ಮುಂದೆ ಕೂತ ಎಲೆಕ್ಟ್ರಿಕ್ ವಿಂಚ್ ಮುಂದಕ್ಕಷ್ಟೇ ಎಳೆಯಬಲ್ಲದು, ಕೈ ವಿಂಚ್ ಹಿಂದಕ್ಕೂ ಪಕ್ಕಕ್ಕೂ ಎಳೆಯುತ್ತದೆ. ಅಂದು ಚರಂಡಿಗೆ ಜಾರಿದ ನನ್ನ ಗಾಡಿಗೆ ಬೇಕಾಗಿದ್ದದ್ದು ಮೇಲಿನ ಮರಕ್ಕೆ ಅಡ್ಡ ಎಳೆತ. ಆ ಡ್ರೈವರು ತಮ್ಮ ಜೀಪಿನಿಂದ ತೆಗೆದದ್ದೂ ಇದೇ ಸಾಧನ. ಮರಕ್ಕೆ ಹಗ್ಗವನ್ನು ನೇರ ಸುತ್ತದೆ ಅಗಲವಾದ ಪಟ್ಟಿಯನ್ನು ಹಾಕಬೇಕು, ಇಲ್ಲವಾದರೆ ಸಿಲ್ವರ್ ಓಕಿನ ತೊಗಟೆ ಸುಲಿದು ಅದರ ಮೇಲೆ ಹಬ್ಬಿಸಿದ ಮೆಣಸಿನ ಬಳ್ಳಿಯೂ ಹಾಳಾಗುತ್ತದೆ.

ಆಳದ ನೀರಿನಲ್ಲಿ ಇಂಜಿನ್ನಿಗೆ ಮೇಲಿನಿಂದ ಗಾಳಿ ಕೊಡುವ ಕೊಳವೆ, ಸ್ನಾರ್ಕೆಲ್ ಬಗ್ಗೆ ಹಲವರು ಕೇಳುತ್ತಾರೆ. ಥಾರ್ 650 ಮಿಲಿಮೀಟರ್ ನೀರನ್ನು ಹಾಗೆಯೇ ದಾಟುತ್ತದೆ. ಅದಕ್ಕಿಂತ ಮೇಲೆ ಹಳ್ಳ ಏರಿದ ದಿನ ನಾನು ಈಚೆ ದಡದಲ್ಲೇ ಗಾಡಿ ನಿಲ್ಲಿಸುತ್ತೇನೆ.

ಎಂಟಿ ಟಯರುಗಳನ್ನು ತೋಟದಿಂದ ಹೊರಗೆ ಬಾರದ ಗಾಡಿಯಿರುವ ನೆರೆಯವರೊಬ್ಬರಿಗೆ ಕೊಟ್ಟೆ, ಅವರಿಗೆ ಅದೇ ಸರಿ. ನನ್ನ ಗಾಡಿಯಲ್ಲಿ ಈಗ ಎಟಿ ಟಯರು, ಗಾಳಿಯ ಗೇಜು, ಕಂಪ್ರೆಸರು, ಕೈ ವಿಂಚ್ ಮತ್ತು ಗೋಣಿಚೀಲದಲ್ಲಿ ಎರಡು ಚೈನು ಇವೆ. ಮುಂದಿನ ಚಕ್ರದ ಜೋಡಿಗೆ ಕಳೆದ ವಾರ ಅಳತೆ ಕೊಟ್ಟು ಬಂದಿದ್ದೇನೆ. ಒಳಪಕ್ಕೆಯ ಸರಪಳಿಯನ್ನು ಈ ಸಲ ಒಂದು ಕೊಂಡಿಯಷ್ಟು ಗಿಡ್ಡ ಮಾಡಲು ಹೇಳಿದ್ದೇನೆ.