ಬೈಕಿನ ಜಿಪಿಎಸ್: ಕಲಬುರಗಿಯಿಂದ ನೇಪಾಳದವರೆಗೆ ಬಳಸಿ ನೋಡಿದ್ದು

ಹ್ಯಾಂಡಲ್ ಮೇಲೆ ಈ ಯಂತ್ರ ಕಂಡವರೆಲ್ಲ ಕಲಬುರಗಿಯಲ್ಲಿ ಕೇಳುವುದು ಒಂದೇ ಮಾತು: "ಫೋನ್ ಇದ್ದಾಗ ಇದ್ಯಾಕ್ರೀ ಮತ್ತ?" ನ್ಯಾಯವಾದ ಪ್ರಶ್ನೆಯೇ. ಊರೊಳಗೇ ಸೂಪರ್ ಮಾರ್ಕೆಟ್‌ನಿಂದ ಹುಮನಾಬಾದ್ ಬೇಸ್‌ಗೆ ಹೋಗಲು ಫೋನೂ ಬೇಡ. ಆದರೆ ಮೇ ತಿಂಗಳಲ್ಲಿ ಫೋನನ್ನು ಹ್ಯಾಂಡಲ್‌ಗೆ ಕಟ್ಟಿಕೊಂಡು ಬೀದರ್ ಕಡೆ ಹೊರಡಿ. ಹುಮನಾಬಾದ್ ಮುಟ್ಟುವುದರೊಳಗೆ ಅದು ಕಾದು ಪರದೆ ಮಂಕಾಗಿರುತ್ತದೆ. ಎಂಜಿನ್ನಿನ ನಡುಕಕ್ಕೆ ಐಫೋನ್ ಕ್ಯಾಮೆರಾ ಕೆಡಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಹೇಳಿದೆ. ಹಾಗಾಗಿ ದೂರದ ಸವಾರಿಗೆ ಬೇರೆ ಯಂತ್ರ ಇರಲಿ ಅಂತ ತಗೊಂಡೆ. ಕಂಪನಿಯ ಹೆಸರು ಬರೆಯುವುದಿಲ್ಲ. ಕೆಳಗಿನ ತಕರಾರು ಈ ಜಾತಿಯ ಎಲ್ಲ ಯಂತ್ರಗಳಿಗೂ ಹೆಚ್ಚುಕಡಿಮೆ ಸೇರಿದ್ದು.

ಇಷ್ಟು ವರ್ಷಗಳಲ್ಲಿ ನಾನು ಎಲ್ಲಿದ್ದೇನೆ ಎಂಬುದನ್ನು ಇದು ತಪ್ಪಾಗಿ ಹೇಳಿದ್ದು ತೀರಾ ಕಡಿಮೆ. ಬಯಲಲ್ಲಿ 5 ಮೀಟರ್ ಆಚೀಚೆ, ಅಷ್ಟೇ. ಎಡವಟ್ಟಾಗುವುದು 'ಇಲ್ಲಿಂದ ಹೇಗೆ ಹೋಗಬೇಕು' ಎನ್ನುವಲ್ಲಿ. ಅದನ್ನು ಉಪಗ್ರಹ ಹೇಳುವುದೇ ಇಲ್ಲ. ಯಂತ್ರದೊಳಗಿನ ಮ್ಯಾಪ್ ಹೇಳುತ್ತದೆ, ಸೆಟ್ಟಿಂಗ್ ಹೇಳುತ್ತದೆ. ನೇಪಾಳದಲ್ಲಿ ಇದು ಚೆನ್ನಾಗಿ ಗೊತ್ತಾಯಿತು.

ಸುನೌಲಿ ಗಡಿವರೆಗೆ ಗಲ್ಲಿ ಗಲ್ಲಿ ತೋರಿಸುತ್ತಿದ್ದ ಯಂತ್ರ, ಆಚೆ ಭೈರಹವಾಕ್ಕೆ ಬಂದ ಕೂಡಲೇ ಎರಡು ಗೆರೆ ಇಟ್ಟುಕೊಂಡು ಕೂತಿತು. ಕೊಂಡಾಗ ಸಿಗುವ ಪೂರ್ತಿ ಮ್ಯಾಪ್ ಭಾರತದ್ದು ಮಾತ್ರ. ಆಚೆಗೆ ಬರೀ ಬೇಸ್ ಮ್ಯಾಪ್, ಅಂದರೆ ದೊಡ್ಡ ರಸ್ತೆಗಳ ಒರಟು ಚಿತ್ರ. ಡಬ್ಬದ ಮೇಲೆ 'ಜೀವನಪೂರ್ತಿ ಉಚಿತ ಮ್ಯಾಪ್' ಅಂತ ದೊಡ್ಡದಾಗಿ ಇದೆ. ಯಾವ ದೇಶದ್ದು ಅನ್ನುವುದು ಸಣ್ಣ ಅಕ್ಷರದಲ್ಲಿ! ಇದಕ್ಕೆ ದುಡ್ಡು ಕೊಡುವ ಅಗತ್ಯ ಇಲ್ಲ. ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನೇಪಾಳದ ಮ್ಯಾಪ್ ಪುಕ್ಕಟೆ ಸಿಗುತ್ತದೆ. ಮೆಮೊರಿ ಕಾರ್ಡ್‌ಗೆ ಹಾಕಿಕೊಂಡರೆ ಸಾಕು. 2015ರ ಏಪ್ರಿಲ್ ಭೂಕಂಪದ ಹೊತ್ತಿಗೆ ಕಠ್ಮಂಡು ಲಿವಿಂಗ್ ಲ್ಯಾಬ್ಸ್ ಎಂಬ ಅಲ್ಲಿನ ಸಂಸ್ಥೆ ಮತ್ತು ಜಗತ್ತಿನ ಸಾವಿರಾರು ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಅಲ್ಲಿನ ಹಳ್ಳಿ, ಕಾಲುದಾರಿ ಎಲ್ಲ ಇದೇ ಮ್ಯಾಪಿನಲ್ಲಿ ಗುರುತಿಸಿದ್ದರು. ಆ ಕೆಲಸದ ಲಾಭ ಇವತ್ತು ನಮ್ಮಂಥ ಸವಾರರಿಗೂ ಇದೆ. ಕಾರ್ಡ್ ಹಾಕಿದ ಮೇಲೆ ಸೆಟ್ಟಿಂಗ್‌ನಲ್ಲಿ ಹೊಸ ಮ್ಯಾಪಿಗೆ ಟಿಕ್ ಮಾಡಬೇಕು. ಇಲ್ಲದಿದ್ದರೆ ಕಾರ್ಡ್ ಒಳಗೆ ಸುಮ್ನೆ ಕೂತಿರುತ್ತದೆ.

ಇನ್ನೊಂದು ಕಾಟ 'ಹತ್ತಿರದ ದಾರಿ' ಎಂಬ ಆಯ್ಕೆ. ರಕ್ಸೌಲ್ ಕಡೆಯಿಂದ ಹೋದರೆ ಹೆಟೌಡಾದಿಂದ ಕಠ್ಮಂಡುವಿಗೆ ಮುಖ್ಯವಾಗಿ ಮೂರು ದಾರಿ. ನಾರಾಯಣಘಾಟ್, ಮುಗ್ಲಿಂಗ್ ಸುತ್ತಿ ಹೋಗುವುದು ಒಂದು. ದಾಮನ್ ಮೇಲಿನ ತ್ರಿಭುವನ ರಾಜಪಥ ಇನ್ನೊಂದು, ಸುಮಾರು 2,500 ಮೀಟರ್ ಎತ್ತರದ ಘಟ್ಟ. ಮೂರನೆಯದು ಕುಲೇಖಾನಿ ಮೇಲಿನ ಕಿರಿದಾದ ಕಡಿದಾದ ರಸ್ತೆ. ಕಿಲೋಮೀಟರ್ ಕಡಿಮೆ, ಹಾಗಾಗಿ ಯಂತ್ರಕ್ಕೆ ಅದೇ ಪ್ರೀತಿ. ಲಗೇಜ್ ಹೇರಿಕೊಂಡು ಸಂಜೆ ಹೊತ್ತಿನಲ್ಲಿ ಆ ದಾರಿ ಬೇಡ. 'ಬೇಗ ತಲುಪುವ ದಾರಿ' ಇಟ್ಟುಕೊಳ್ಳಿ. 'ಕಚ್ಚಾ ರಸ್ತೆ ಬೇಡ' ಎಂಬುದನ್ನೂ ಒಮ್ಮೆ ನೋಡಿ. ಅದಕ್ಕೆ ಟಿಕ್ ಇದ್ದರೆ ಮುಕ್ತಿನಾಥಕ್ಕೆ ದಾರಿಯೇ ಇಲ್ಲ ಅಂದುಬಿಡಬಹುದು.

ಜನ ಅತಿ ಹೆಚ್ಚು ಬೈಯುವುದು ಗೆಳೆಯರು ಕಳಿಸಿದ ಜಿಪಿಎಕ್ಸ್ ಫೈಲ್, ಅಂದರೆ ದಾರಿಯನ್ನು ಬರೆದಿಟ್ಟ ಫೈಲ್, ಅದರ ವಿಷಯಕ್ಕೆ. "ಅವನು ಕೊಟ್ಟ ದಾರಿ ಒಂದು, ಇದು ತೋರಿಸೋದು ಒಂದು" ಅಂತ. ಆ ಫೈಲಿನಲ್ಲಿ ರೂಟ್ ಇರಬಹುದು, ಟ್ರ್ಯಾಕ್ ಇರಬಹುದು. ರೂಟ್ ಅಂದರೆ ಕೆಲವು ಊರುಗಳ ಗುರುತು ಮಾತ್ರ. ನಡುವಿನ ದಾರಿಯನ್ನು ನಿಮ್ಮ ಯಂತ್ರ ತನ್ನ ಮ್ಯಾಪ್, ತನ್ನ ಸೆಟ್ಟಿಂಗ್ ಪ್ರಕಾರ ಹೊಸದಾಗಿ ಹುಡುಕುತ್ತದೆ. ಅವನ ಮ್ಯಾಪ್ ಬೇರೆ, ನಿಮ್ಮದು ಬೇರೆ ಆದರೆ ದಾರಿಯೂ ಬೇರೆ ಆಗುತ್ತದೆ. ಟ್ರ್ಯಾಕ್ ಹಾಗಲ್ಲ. ಅದು ಬೈಕ್ ನಿಜವಾಗಿ ಹೋದ ಜಾಗದ ಚುಕ್ಕಿಗಳ ಸಾಲು, ಯಂತ್ರ ಅದನ್ನು ಬದಲಿಸುವುದಿಲ್ಲ. ಟ್ರ್ಯಾಕನ್ನು ಪರದೆ ಮೇಲೆ ದಪ್ಪ ಬಣ್ಣದಲ್ಲಿ ಹಾಕಿಕೊಂಡು ಅದರ ಮೇಲೆ ಓಡಿಸುವುದು ಎಲ್ಲಕ್ಕಿಂತ ನೆಮ್ಮದಿ. 'ಎಡಕ್ಕೆ ತಿರುಗಿ' ಎಂಬ ದನಿ ಇರುವುದಿಲ್ಲ, ಇರದಿದ್ದರೇ ಒಳ್ಳೆಯದು. ರೂಟೇ ಬೇಕು ಅಂದರೆ ಗುರುತುಗಳನ್ನು ಜಾಸ್ತಿ ಹಾಕಿ. ತನ್ನಷ್ಟಕ್ಕೆ ದಾರಿ ಬದಲಿಸುವ ಆಯ್ಕೆಯನ್ನು 'ಕೇಳಿ ಬದಲಿಸು' ಅಂತ ಇಡಿ.

ಹೋಟೆಲಿನವರು ಅಕ್ಷಾಂಶ ರೇಖಾಂಶ ಕಳಿಸಿದರೆ ಅದನ್ನು ಯಾವ ಬಗೆಯಲ್ಲಿ ಬರೆದಿದ್ದಾರೆ ನೋಡಿ. ಲುಂಬಿನಿ ಇರುವುದು 27.47, 83.28ರಲ್ಲಿ. ಇದನ್ನೇ 27 ಡಿಗ್ರಿ 47 ನಿಮಿಷ, 83 ಡಿಗ್ರಿ 28 ನಿಮಿಷ ಎಂದು ಒತ್ತಿದರೆ ಯಂತ್ರ ಸದ್ದಿಲ್ಲದೆ ಒಪ್ಪಿಕೊಳ್ಳುತ್ತದೆ. ಬುದ್ಧ ಹುಟ್ಟಿದ ಬಯಲು ಸುಮಾರು 40 ಕಿಲೋಮೀಟರ್ ಸರಿದು ಬುಟವಲ್ ಆಚೆಯ ಗುಡ್ಡದ ಮೇಲೆ ಹೋಗಿ ಕೂರುತ್ತದೆ!

ಸಿಗ್ನಲ್ಲಿನದೇ ತಪ್ಪು ಇರುವುದು ಕೆಲವು ಕಡೆ ಮಾತ್ರ. ತ್ರಿಶೂಲಿ ನದಿಯ ಕಣಿವೆಯಲ್ಲಿ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ, ಸಿಗ್ನಲ್ ಬಂಡೆಗೆ ಬಡಿದು ಬರುತ್ತದೆ. ಹೇರ್‌ಪಿನ್ ತಿರುವುಗಳಲ್ಲಿ ಬಾಣ ಮೇಲಿನ ರಸ್ತೆಗೆ ಹಾರುವುದುಂಟು. ನಿಂತಾಗ ಬಾಣ ಗಿರ್ರನೆ ತಿರುಗಿದರೆ ಗಾಬರಿ ಬೇಡ. ಬೈಕ್ ಚಲಿಸಿದಾಗ ಮಾತ್ರ ಜಿಪಿಎಸ್‌ಗೆ ದಿಕ್ಕು ಗೊತ್ತಾಗುವುದು. ಫೋನಾದರೆ ಒಳಗೆ ದಿಕ್ಸೂಚಿ ಇರುತ್ತದೆ, ಆದರೆ ಅಯಸ್ಕಾಂತದ ಟ್ಯಾಂಕ್ ಬ್ಯಾಗ್ ಪಕ್ಕದಲ್ಲಿದ್ದರೆ ಅದೂ ಕೆಡುತ್ತದೆ. ಬೈಕನ್ನು ರೈಲಿನಲ್ಲಿ ಗೋರಖ್‌ಪುರಕ್ಕೆ ಹಾಕಿದ್ದರೆ, ಇಳಿಸಿದ ಮೇಲೆ ಯಂತ್ರವನ್ನು ಬಯಲಲ್ಲಿ ಚಾಲೂ ಮಾಡಿ ಬಿಡಿ. ಉಪಗ್ರಹಗಳ ಪೂರ್ತಿ ಪಟ್ಟಿ ಇಳಿಯಲು ಹನ್ನೆರಡೂವರೆ ನಿಮಿಷ ಬೇಕು.

ತಲುಪುವ ಹೊತ್ತನ್ನಂತೂ ನಂಬಬೇಡಿ. ನೇಪಾಳದ ಗಡಿಯಾರ ನಮಗಿಂತ 15 ನಿಮಿಷ ಮುಂದೆ, ಅದು ಸಣ್ಣ ವಿಷಯ. ನಾರಾಯಣಘಾಟ್–ಬುಟವಲ್ ರಸ್ತೆ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ಎಳೆದಿದ್ದು ಯಂತ್ರಕ್ಕೇನು ಗೊತ್ತು? ಇಲ್ಲಿಯೂ ಅದೇ ಕತೆ. ಭೀಮಾ ತುಂಬಿ ಘತ್ತರಗಿ ಸೇತುವೆ ಮುಳುಗಿದ್ದರೂ ಅದರ ಮೇಲೆಯೇ ಹೋಗು ಅನ್ನುತ್ತದೆ. ಮಳೆಗಾಲದಲ್ಲಿ ಗಾಣಗಾಪುರದ ಕಡೆ ಹೊರಡುವ ಮೊದಲು ಅಲ್ಲಿಯವರಿಗೆ ಒಂದು ಫೋನ್ ಮಾಡುವುದೇ ವಾಸಿ.

ಯಂತ್ರದ ಗಟ್ಟಿತನಕ್ಕೆ ಪೂರ್ತಿ ಅಂಕ. ಗ್ಲೌಸ್ ಹಾಕಿಕೊಂಡೇ ಒತ್ತಬಹುದು, ಮಳೆಗೂ ಜಗ್ಗಿಲ್ಲ. ಆದರೆ ಜೋರು ಮಳೆಯಲ್ಲಿ ಹನಿಗಳೇ ಪರದೆ ಒತ್ತಿ ಮ್ಯಾಪನ್ನು ಹಿಗ್ಗಿಸಿ ಕುಗ್ಗಿಸಿ ಆಟ ಆಡುತ್ತವೆ. ಹ್ಯಾಂಡಲ್ ಮೇಲೆ ಯಂತ್ರ ಕೂರುವ ತೊಟ್ಟಿಲಿನ ಚಾರ್ಜಿಂಗ್ ಪಿನ್ನುಗಳಿಗೆ ನಮ್ಮ ಕಡೆಯ ಧೂಳು ಆಗುವುದಿಲ್ಲ. ಚಾರ್ಜ್ ನಿಂತುಹೋದರೆ ಸರ್ವಿಸ್‌ಗೆ ಕಳಿಸುವ ಮೊದಲು ಶಾಲೆ ಮಕ್ಕಳ ರಬ್ಬರ್‌ನಿಂದ ಪಿನ್ನುಗಳನ್ನು ಉಜ್ಜಿ ನೋಡಿ. ನನ್ನದು ಪ್ರತಿ ಸಲ ಅದರಿಂದಲೇ ಸರಿಹೋಗಿದೆ.